ಲಿಂಕ್ ಒತ್ತೋ ಮುಂಚೆ, ಪಿನ್ ಹಾಕೋ ಮುಂಚೆ: ಸೇಡಂನಿಂದ ಚಿಂಚೋಳಿವರೆಗೆ ಗ್ರಾಹಕರು, ಅಂಗಡಿಯವರು ತಿಳಿದಿರಬೇಕಾದ್ದು

ಸೇಡಂ: ತೊಗರಿ ಮಾರಿದ ರೊಕ್ಕ, ಗೃಹಲಕ್ಷ್ಮಿಯ 2,000 ರೂಪಾಯಿ, ಸಿಮೆಂಟ್ ಫ್ಯಾಕ್ಟರಿ ಕಾರ್ಮಿಕರ ಪಗಾರ, ಅಂಗಡಿಯ ದಿನದ ವ್ಯಾಪಾರ, ಎಲ್ಲವೂ ಈಗ ಮನೆಯ ಒಂದೆರಡು ಮೊಬೈಲ್ ನಂಬರಿಗೆ ಜೋಡಣೆಯಾಗಿದೆ. ಆ ನಂಬರು ಇನ್ನೊಬ್ಬರ ಕೈಗೆ ಸಿಕ್ಕರೆ ವರ್ಷದ ದುಡಿಮೆ ಒಂದೇ ಸಲಕ್ಕೆ ಹೋಗ್ತದ. ಚಿಂಚೋಳಿ ತಾಲೂಕಿನ ಗಡಿ ಹಳ್ಳಿಯವರಿಗೆ ಕಲಬುರಗಿಯ ಸೈಬರ್ (ಸಿಇಎನ್) ಠಾಣೆಗೆ ಹೋಗಿ ಬರಲು ಒಂದು ದಿನ ಬೇಕು. ಕದ್ದ ರೊಕ್ಕ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮೂರನೇದಕ್ಕೆ ದಾಟಲು ಕೆಲವೇ ನಿಮಿಷ ಸಾಕು.

ಅದಕ್ಕೇ ಬಸ್ ಹತ್ತೋ ಮುಂಚೆ, ಕುಂತಲ್ಲಿಂದಲೇ 1930ಕ್ಕೆ ಫೋನ್ ಹಚ್ಚಬೇಕು. 2021ರಲ್ಲಿ 155260 ಎಂದು ಶುರುವಾದ ಈ ಸಹಾಯವಾಣಿಯ ನಂಬರು ಈಗ 1930. ಇಲ್ಲಿ ದೂರು ದಾಖಲಾದ ಕೂಡಲೇ ರೊಕ್ಕ ಹೋದ ಬ್ಯಾಂಕಿಗೆ ಮಾಹಿತಿ ಮುಟ್ಟುತ್ತದೆ. ಆ ಖಾತೆಯಲ್ಲಿ ರೊಕ್ಕ ಇನ್ನೂ ಉಳಿದಿದ್ದರೆ ತಡೆಹಿಡಿಯುತ್ತಾರೆ. ಎಟಿಎಂನಿಂದ ತೆಗೆದಾದ ಮೇಲೆ ಯಾರಿಗೂ ಏನೂ ಮಾಡಲಿಕ್ಕೆ ಆಗಂಗಿಲ್ಲ.

ಮೆಸೇಜ್ ಹೆಂಗ ಬರ್ತದ

ಹೆದರಿಸೋದು, ಇಲ್ಲಾ ಆಸೆ ತೋರಿಸೋದು. ‘ಕರೆಂಟ್ ಬಿಲ್ ಕಟ್ಟಿಲ್ಲ, ಇಂದು ರಾತ್ರಿ ಲೈನ್ ಕಟ್ ಆಗ್ತದೆ, ಈ ನಂಬರಿಗೆ ಕರೆ ಮಾಡಿ’ ಎಂಬುದು ಹಳೇ ತಂತ್ರ. ಜೆಸ್ಕಾಂ ಬಿಲ್ಲಿನ ವಿಷಯವಿದ್ದರೆ ಲೈನ್‌ಮನ್‌ನನ್ನೋ ಸೆಕ್ಷನ್ ಆಫೀಸನ್ನೋ ಕೇಳಿದರೆ ಐದು ನಿಮಿಷದಲ್ಲಿ ಗೊತ್ತಾಗ್ತದೆ. ಮೆಸೇಜಿನಲ್ಲಿರೋ ನಂಬರಿಗೆ ಮಾತ್ರ ಹಚ್ಚಬಾರದು.

ಈಗ ಹೆಚ್ಚು ಅಪಾಯದ್ದು ವಾಟ್ಸಾಪ್‌ನಲ್ಲಿ ಬರೋ ಎಪಿಕೆ ಫೈಲು. ಗಾಡಿ ಚಲನ್, ಪಿಎಂ ಕಿಸಾನ್ ಕೆವೈಸಿ, ಬ್ಯಾಂಕ್ ರಿವಾರ್ಡ್, ಕಡೆಗೆ ಲಗ್ನಪತ್ರಿಕೆ ಹೆಸರಿನಲ್ಲೂ ಬರ್ತದೆ. ಎಷ್ಟೋ ಸಲ ಪರಿಚಯದವರ ನಂಬರಿನಿಂದಲೇ ಬರ್ತದ, ಯಾಕಂದ್ರ ಅವರ ಫೋನ್ ಮೊದಲೇ ಕಳ್ಳರ ಕೈಯಾಗ ಇರ್ತದ. ಒತ್ತಿ ಇನ್‌ಸ್ಟಾಲ್ ಮಾಡಿ, ಎಸ್ಸೆಮ್ಮೆಸ್ ಓದೋ ಅನುಮತಿ ಕೊಟ್ಟರೆ ಮುಗೀತು. ಆಮೇಲೆ ಬರೋ ಓಟಿಪಿ ಎಲ್ಲಾ ತಾನಾಗೇ ಅವರಿಗೆ ಹೋಗ್ತದೆ. ‘ನಾ ಯಾರಿಗೂ ಓಟಿಪಿ ಹೇಳಿಲ್ರಿ, ಆದ್ರೂ ರೊಕ್ಕ ಹೋಯ್ತು’ ಅನ್ನೋರ ಮಾತು ಸುಳ್ಳಿರಂಗಿಲ್ಲ, ಹಿಂಗೂ ಹೋಗ್ತದ. ಲಗ್ನಪತ್ರಿಕೆ ಫೋಟೊ ಆಗಿಯೋ ಪಿಡಿಎಫ್ ಆಗಿಯೋ ಬರ್ತದೆ, ಇನ್‌ಸ್ಟಾಲ್ ಮಾಡು ಅಂತ ಕೇಳಂಗಿಲ್ಲ.

ತಪ್ಪಿ ಒತ್ತಿದ್ದರೆ ತಕ್ಷಣ ಡಾಟಾ, ವೈಫೈ ಬಂದ್ ಮಾಡಿ, ಇನ್ನೊಂದು ಫೋನಿನಿಂದ ಬ್ಯಾಂಕಿಗೆ ಹಾಗೂ 1930ಕ್ಕೆ ತಿಳಿಸಬೇಕು. ಆಮೇಲೆ ಆ ಆ್ಯಪ್ ತೆಗೆಯೋದು.

ಬ್ಯಾಂಕಿನ ಎಸ್ಸೆಮ್ಮೆಸ್ ಹತ್ತಂಕಿಯ ಮೊಬೈಲ್ ನಂಬರಿನಿಂದ ಬರಂಗಿಲ್ಲ. ಅಕ್ಷರಗಳ ಹೆಸರಿನಿಂದ ಬರ್ತದೆ. 2025ರಿಂದ ಆ ಹೆಸರಿನ ಕೊನೆಗೆ ಒಂದು ಅಕ್ಷರ ಸೇರಿದೆ: ವಹಿವಾಟಿಗೆ ಟಿ, ಸೇವೆಗೆ ಎಸ್, ಜಾಹೀರಾತಿಗೆ ಪಿ, ಸರ್ಕಾರದ್ದಕ್ಕೆ ಜಿ. ಬ್ಯಾಂಕುಗಳ ವೆಬ್‌ಸೈಟ್ ವಿಳಾಸ 2025ರ ಅಕ್ಟೋಬರ್ 31ರೊಳಗೆ ‘ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವಂತೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿತ್ತು. ವಿಳಾಸದ ಬಾಲ ನೋಡೋ ರೂಢಿ ಮಾಡಿಕೊಂಡರೆ ಅರ್ಧ ಗೊಂದಲ ತಪ್ಪುತ್ತದೆ.

ಅಂಗಡಿಯವರಿಗೆ

ರೊಕ್ಕ ತಗೊಳ್ಳಲಿಕ್ಕೆ ಯುಪಿಐ ಪಿನ್ ಬೇಕಿಲ್ಲ. ‘ಮಿಲಿಟರಿಯವ, ನಿಮ್ಮ ಅಂಗಡಿಯಿಂದ ಸಾಮಾನು ಬೇಕು, ಅಡ್ವಾನ್ಸ್ ಹಾಕ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕ್ರಿ’ ಅಂದರೆ, ಪಿನ್ ಹಾಕಿದವರ ಖಾತೆಯಿಂದಲೇ ರೊಕ್ಕ ಹೋಗ್ತದೆ. ಪಿನ್ ಅಂದರೆ ಕೊಡಲಿಕ್ಕೆ ಸಹಿ ಹಾಕಿದಂಗ.

ಸ್ಟಿಕ್ಕರ್ ಬದಲಿಸೋ ಕಳ್ಳತನವೂ ಇದೆ. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಖಜುರಾಹೋದಲ್ಲಿ ರಾತ್ರೋರಾತ್ರಿ ಹಲವು ಅಂಗಡಿ ಮತ್ತು ಪೆಟ್ರೋಲ್ ಬಂಕಿನ ಕ್ಯೂಆರ್ ಮೇಲೆ ಬೇರೆ ಕ್ಯೂಆರ್ ಅಂಟಿಸಿದ್ದರು. ವಾಡಿ ಸ್ಟೇಷನ್ ಕಡೆಯ ಚಹಾ ಅಂಗಡಿ, ಶಹಾಬಾದಿನ ಬಜಾರ್, ಚಿತ್ತಾಪುರದ ಸಂತೆಯಂಥ ಗದ್ದಲದ ಜಾಗದಲ್ಲಿ ಇದು ಸಲೀಸು. ಶಟರ್ ಹೊರಗೆ ಅಂಟಿಸಿದ ಕ್ಯೂಆರ್ ಇದ್ದರೆ ಬೆಳಗ್ಗೆ ಒಂದು ರೂಪಾಯಿ ಹಾಕಿ ಯಾರ ಹೆಸರು ಬರ್ತದೆ ನೋಡಬೇಕು. ಗಿರಾಕಿ ತೋರಿಸೋ ಸ್ಕ್ರೀನಿಗೆ ಬೆಲೆ ಇಲ್ಲ, ಅಂಥ ನಕಲಿ ಸ್ಕ್ರೀನ್ ತೋರಿಸೋ ಆ್ಯಪ್‌ಗಳೇ ಅದಾವು. ಸೌಂಡ್ ಬಾಕ್ಸ್ ಮಾತಾಡಬೇಕು, ಇಲ್ಲಾ ಖಾತೆಯಲ್ಲಿ ಕಾಣಬೇಕು.

ಪಾಸ್‌ವರ್ಡ್ ಮತ್ತು ಝೆರಾಕ್ಸ್ ಅಂಗಡಿ

ಸ್ಕಾಲರ್‌ಶಿಪ್ ಅರ್ಜಿ, ರೇಷನ್ ಕಾರ್ಡ್, ರೈಲ್ವೆ ಟಿಕೆಟ್ ಎಲ್ಲದಕ್ಕೂ ಆನ್‌ಲೈನ್ ಅಂಗಡಿಯವರೇ ಐಡಿ ತೆಗೆದುಕೊಡ್ತಾರೆ. ಪಾಸ್‌ವರ್ಡ್ ಹೆಸರು ಮತ್ತು 123, ಇಲ್ಲವೇ ಮೊಬೈಲ್ ನಂಬರು. ಅದೇ ಪಾಸ್‌ವರ್ಡ್ ಜಿಮೇಲಿಗೂ ಇದ್ದರೆ ಒಂದು ಬೀಗ ತೆಗೆದವ ಎಲ್ಲಾ ಬೀಗ ತೆಗೆದಂಗ, ಯಾಕಂದ್ರ ಉಳಿದವುಗಳ ‘ಪಾಸ್‌ವರ್ಡ್ ಮರೆತಿದೆ’ ಲಿಂಕ್ ಬರೋದೇ ಜಿಮೇಲಿಗೆ. ಮೊದಲು ಜಿಮೇಲ್ ಗಟ್ಟಿ ಮಾಡಬೇಕು. ಸಂಬಂಧವಿಲ್ಲದ ನಾಲ್ಕು ಮನೆಮಾತು ಜೋಡಿಸಿದರೂ ನೆನಪಿರ್ತದೆ, ಉದ್ದವೂ ಆಗ್ತದೆ. ಮಕ್ಕಳ ಹೆಸರು, ಗಾಡಿ ನಂಬರು, ಊರ ದೇವರ ಹೆಸರು ಊರಿಗೆಲ್ಲಾ ಗೊತ್ತಿರ್ತದ, ಅವು ಬ್ಯಾಡ. ನಾಲ್ಕಂಕಿ ಪಿನ್ನಿಗೆ 10 ಸಾವಿರ ಸಾಧ್ಯತೆ, ಆರಂಕಿಗೆ 10 ಲಕ್ಷ. ಹುಟ್ಟಿದ ಇಸವಿ ಹಾಕಿದರೆ ನೂರೂ ಉಳಿಯಂಗಿಲ್ಲ.

ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ ಒಳಗೆ ‘ಟು ಸ್ಟೆಪ್ ವೆರಿಫಿಕೇಶನ್’ ಚಾಲೂ ಮಾಡಿ ಆರಂಕಿ ಪಿನ್ ಇಡಬೇಕು. ಓಟಿಪಿ ಸಿಕ್ಕರೂ ಕಳ್ಳನಿಗೆ ಆ ಪಿನ್ ದಾಟೋದು ಕಷ್ಟ. ಪ್ರಿಂಟ್ ತೆಗೆಯಲು ಅಂಗಡಿಯ ಕಂಪ್ಯೂಟರಿನಲ್ಲಿ ವಾಟ್ಸಾಪ್ ವೆಬ್ ತೆರೆದಿದ್ದರೆ ‘ಲಿಂಕ್ಡ್ ಡಿವೈಸಸ್’ಗೆ ಹೋಗಿ ಲಾಗೌಟ್ ಮಾಡಿಯೇ ಹೊರಬೀಳಬೇಕು.

ಆಧಾರ್ ಝೆರಾಕ್ಸ್ ಬದಲು ಮೊದಲ ಎಂಟು ಅಂಕಿ ಮುಚ್ಚಿದ ಮಾಸ್ಕ್ಡ್ ಆಧಾರ್ ಕೊಡಬಹುದು. 2023ರಲ್ಲಿ ರಾಜ್ಯದಲ್ಲೇ ಆಸ್ತಿ ನೋಂದಣಿ ಪತ್ರಗಳಲ್ಲಿನ ಬೆರಳಚ್ಚು ನಕಲು ಮಾಡಿ, ಆಧಾರ್ ಪಾವತಿ ವ್ಯವಸ್ಥೆಯಿಂದ ರೊಕ್ಕ ಎತ್ತಿದ ಪ್ರಕರಣಗಳು ಬಯಲಾಗಿದ್ದವು. ಹೊಲ, ಪ್ಲಾಟು ನೋಂದಣಿ ಮಾಡಿಸಿದವರು ಆಧಾರ್ ಆ್ಯಪ್ ಅಥವಾ ವೆಬ್‌ಸೈಟಿನಲ್ಲಿ ಬಯೋಮೆಟ್ರಿಕ್ ಲಾಕ್ ಹಾಕಿಕೊಳ್ಳೋದು ಒಳ್ಳೇದು. ಬೆರಳಚ್ಚು ಕೊಡೋ ದಿನ ತೆರೆದು, ಮತ್ತೆ ಹಾಕಬಹುದು.

ಖಾತೆ ಬಾಡಿಗೆಗೆ ಕೊಡೋದು

ಕಳ್ಳರಿಗೆ ರೊಕ್ಕ ಇಳಿಸಿಕೊಳ್ಳಲು ಬೇರೆಯವರ ಖಾತೆ ಬೇಕು. ‘ಪಾಸ್‌ಬುಕ್, ಎಟಿಎಂ, ಸಿಮ್ ಕೊಡು, ಕಮಿಷನ್ ಕೊಡ್ತೀವಿ’ ಅಂತ ಕಾಲೇಜು ಹುಡುಗರು, ಕೂಲಿಗೆ ಬಂದವರನ್ನು ಹುಡುಕುತ್ತಾರೆ. ಪೊಲೀಸರು ಮೊದಲು ಬರೋದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ. ಕೆಲವು ಸಾವಿರಕ್ಕೆ ಕೇಸು ಮೈಮೇಲೆ ಹಾಕಿಕೊಂಡಂಗ. ಬೇರೆಯವರ ಗುರುತು ಬಳಸಿ ಆನ್‌ಲೈನಿನಲ್ಲಿ ವಂಚಿಸಿದರೆ ಐಟಿ ಕಾಯ್ದೆ 66ಸಿ, 66ಡಿ ಅಡಿ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇದೆ. ತಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತ ಸಂಚಾರ ಸಾಥಿ ಪೋರ್ಟಲಿನಲ್ಲಿ ನೋಡಿ, ಗೊತ್ತಿಲ್ಲದ್ದನ್ನು ಬಂದ್ ಮಾಡಿಸಬಹುದು.

ರೊಕ್ಕ ಹೋದ ಮೇಲೆ

1930 ಆದ ಮೇಲೆ ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲಿನಲ್ಲಿ ದೂರು ಪೂರ್ಣಗೊಳಿಸಬೇಕು. ವಹಿವಾಟಿನ ನಂಬರು, ಸಮಯ, ಬಂದ ಮೆಸೇಜ್, ಕರೆ ಬಂದ ನಂಬರಿನ ಸ್ಕ್ರೀನ್‌ಶಾಟ್ ಬೇಕಾಗ್ತದೆ. ಸಿಟ್ಟಿನಲ್ಲಿ ಡಿಲೀಟ್ ಮಾಡಬಾರದು. ಸೇಡಂ, ಚಿತ್ತಾಪುರ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ‘ನಮ್ಮ ವ್ಯಾಪ್ತಿ ಅಲ್ಲ’ ಅಂದರೆ ಜೀರೋ ಎಫ್‌ಐಆರ್ ಕೇಳಬೇಕು, 2024ರ ಜುಲೈ 1ರಿಂದ ಜಾರಿಯಲ್ಲಿರೋ ಹೊಸ ಕಾನೂನಿನಲ್ಲೇ ಅದಕ್ಕೆ ಅವಕಾಶ ಇದೆ.

ಬ್ಯಾಂಕಿಗೆ ಬರೆದು ಕೊಟ್ಟು ಸ್ವೀಕೃತಿ ಸಹಿ ಪಡೆಯೋದು ಮುಖ್ಯ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಪ್ರಕಾರ, ಗ್ರಾಹಕರದ್ದೂ ಬ್ಯಾಂಕಿನದ್ದೂ ತಪ್ಪಿಲ್ಲದ ಪ್ರಕರಣವನ್ನು ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕರ ಮೇಲೆ ನಷ್ಟ ಬೀಳಂಗಿಲ್ಲ. ಗ್ರಾಹಕರೇ ಪಿನ್, ಓಟಿಪಿ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸೋವರೆಗಿನ ನಷ್ಟ ಅವರದೇ, ತಿಳಿಸಿದ ನಂತರ ಹೋದದ್ದು ಬ್ಯಾಂಕಿನದು. ನಾಚಿಕೊಂಡು ಮನೆಯಲ್ಲಿ ಕುಂತರೆ ಆ ಲೆಕ್ಕ ಬೆಳೀತಾ ಹೋಗ್ತದೆ. ಬ್ಯಾಂಕು 30 ದಿನದಲ್ಲಿ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರಬಹುದು, ಫೀಸು ಇಲ್ಲ. ಮಾಹಿತಿಗೆ 14448.