ಕಾಮಾ ಎಲ್ಲಿ ಬೀಳಬೇಕು?

1,25,000 ಎಂದು ಬರೆದರೆ ನಮ್ಮ ಕಣ್ಣು ಒಂದು ಲಕ್ಷದ ಇಪ್ಪತ್ತೈದು ಸಾವಿರ ಎಂದು ತಡವರಿಸದೆ ಓದುತ್ತದೆ. ಅದೇ ಅಕ್ಷರಗಳ ಸಾಲನ್ನು ಕಂಪ್ಯೂಟರಿನ ಸಿ ಭಾಷೆಯ ಎ-ಟು-ಐ (atoi) ಎಂಬ ಹಳೆಯ ಫಂಕ್ಷನ್ನಿಗೆ ಕೊಟ್ಟರೆ ಅದು ಮೊದಲ ಕಾಮಾ ಕಂಡಲ್ಲೇ ನಿಂತು 1 ಎಂದುಬಿಡುತ್ತದೆ. ತಪ್ಪಾಯಿತೆಂಬ ಸೂಚನೆಯೂ ಇಲ್ಲ. ಇದು ಯಂತ್ರದ ಸಹಜ ಮಿತಿ, ಸಂಖ್ಯೆ ಎಲ್ಲರಿಗೂ ಒಂದೇ, ಬರೆಯುವವರೇ ಹೊಂದಿಕೊಳ್ಳಬೇಕು ಎಂಬ ವಾದ ಇಂದಿಗೂ ಕೇಳಿಬರುತ್ತದೆ. ಈ ವಾದಕ್ಕೆ ಚರಿತ್ರೆಯ ಬೆಂಬಲವಿಲ್ಲ. ಸಂಖ್ಯೆಯ ಬೆಲೆ ಎಲ್ಲೆಡೆ ಒಂದೇ ಇರಬಹುದು, ಅದರ ಬರಹ ಎಂದೂ ಒಂದೇ ಆಗಿರಲಿಲ್ಲ. ಯಂತ್ರ ನಮ್ಮ ಬರಹವನ್ನು ಓದದೇ ಹೋದದ್ದಕ್ಕೆ ಕಾರಣ ಅಸಾಧ್ಯತೆಯಲ್ಲ, ಯಾರ ರೂಢಿಯನ್ನು ಸಹಜವೆಂದು ಹಿಡಿದರು ಎಂಬುದು.

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ 9ನೇ ಶತಮಾನದಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ರಚಿಸಿದರು. ಏಕ, ದಶ, ಶತ, ಸಹಸ್ರದಿಂದ ಹಿಡಿದು ಲಕ್ಷ, ಕೋಟಿ ದಾಟಿ ಮಹಾಕ್ಷೋಭದವರೆಗೆ 24 ಸ್ಥಾನಗಳನ್ನು ಅದರಲ್ಲಿ ಹೆಸರಿಸಿದ್ದಾರೆ. ಆದರೆ ದಿನದ ಲೇವಾದೇವಿಯ ಮಾತಿನಲ್ಲಿ ಸಾವಿರದಾಚೆ ಎರಡೆರಡು ಸ್ಥಾನಕ್ಕೆ ಒಂದು ಹೊಸ ಮಜಲು: ಸಾವಿರ, ಹತ್ತು ಸಾವಿರ, ಲಕ್ಷ, ಹತ್ತು ಲಕ್ಷ, ಆಮೇಲೆ ಕೋಟಿ. ನಮ್ಮ ಕಾಮಾ ಬೀಳುವುದು ಈ ಮಜಲುಗಳಲ್ಲೇ. ಯುರೋಪಿನ ದಾರಿ ಬೇರೆಯಾಯಿತು. ಭಾರತದ ಅಂಕಿಗಳನ್ನು ಅರಬ್ಬರ ಮೂಲಕ ಕಲಿತ ಪೀಸಾದ ಫಿಬೊನಾಚಿ 1202ರ ತನ್ನ ಗ್ರಂಥದಲ್ಲಿ ದೊಡ್ಡ ಸಂಖ್ಯೆಗಳನ್ನು ಮೂರು ಮೂರಾಗಿ ಗುರುತಿಸಿ ಓದುವುದನ್ನು ಹೇಳಿಕೊಟ್ಟ. 1585ರಲ್ಲಿ ಗಣಿತಜ್ಞ ಸೈಮನ್ ಸ್ಟೆವಿನ್ ದಶಮಾಂಶಗಳ ಬಳಕೆಯನ್ನು ಪ್ರಚಾರ ಮಾಡಿದ ಮೇಲೆ ಪೂರ್ಣಾಂಕವನ್ನೂ ಭಿನ್ನರಾಶಿಯನ್ನೂ ಬೇರ್ಪಡಿಸಲು ಒಂದು ಗುರುತು ಬೇಕಾಯಿತು. 1698ರಲ್ಲಿ ಗಣಿತಜ್ಞ ಲೈಬ್ನಿಟ್ಸ್ ಚುಕ್ಕೆಯನ್ನು ಗುಣಾಕಾರಕ್ಕೆ ಸೂಚಿಸಿದರು. ಚುಕ್ಕೆಗೆ ಹೀಗೆ ಇನ್ನೊಂದು ಕೆಲಸ ಬಿತ್ತು. ಕಾಲಕ್ರಮದಲ್ಲಿ ಜರ್ಮನಿ, ಫ್ರಾನ್ಸ್‌ಗಳಲ್ಲಿ ದಶಮಾಂಶಕ್ಕೆ ಕಾಮಾ ನೆಲೆನಿಂತಿತು, ಇಂಗ್ಲೆಂಡು ಚುಕ್ಕೆಯನ್ನೇ ಉಳಿಸಿಕೊಂಡಿತು. ಹೀಗಾಗಿ 1.234 ಎಂಬುದು ಜರ್ಮನ್ ಓದುಗನಿಗೆ ಸಾವಿರದ ಇನ್ನೂರ ಮೂವತ್ನಾಲ್ಕು, ನಮಗೆ ಒಂದಕ್ಕಿಂತ ತುಸು ಹೆಚ್ಚು. ಎರಡೂ ಸರಿಯೇ, ನಡುವಿನ ಅಂತರ ಮಾತ್ರ ಸಾವಿರ ಪಟ್ಟು.

ಯಂತ್ರಗಳ ಚರಿತ್ರೆಯಲ್ಲಿ ನನ್ನ ವಾದಕ್ಕೆ ಅತ್ಯಂತ ಬಲವಾದ ಸಾಕ್ಷ್ಯವಿದೆ. 1989ರಲ್ಲಿ ಸಿ ಭಾಷೆಗೆ ಅಮೆರಿಕದ ಪ್ರಮಾಣಕ ಬಂದಾಗ ಆಯಾ ಪ್ರದೇಶದ ರೂಢಿಯನ್ನು ತಿಳಿಸುವ ‘ಲೊಕೇಲ್’ ಎಂಬ ಏರ್ಪಾಡೂ ಬಂತು. ಅಂಕಿಗಳ ಗುಂಪುಗಳ ಅಳತೆಯನ್ನು ಬಲದಿಂದ ಒಂದೊಂದಾಗಿ ಹೇಳಲು ಅದರಲ್ಲಿ ಅವಕಾಶವಿತ್ತು: ಮೊದಲು ಮೂರು, ಮುಂದೆ ಎರಡೆರಡು. ಲಕ್ಷ-ಕೋಟಿಯ ಕ್ರಮಕ್ಕೆ ಅಷ್ಟೇ ಸಾಕು. ಆದರೆ ಎಂಟು ವರ್ಷಗಳ ನಂತರ, 1997ರಲ್ಲಿ, ಜಾವಾ ಭಾಷೆಗೆ ಸೇರಿದ ಸಂಖ್ಯಾ ವಿನ್ಯಾಸದಲ್ಲಿ ಗುಂಪಿಗೆ ಒಂದೇ ಅಳತೆ. ಮೂರು ಎಂದರೆ ಕೊನೆಯವರೆಗೂ ಮೂರೇ. ಎರಡು ಬಗೆಯ ಗುಂಪು ಸೂಚಿಸಿದರೂ ಕೊನೆಯದನ್ನಷ್ಟೇ ಹಿಡಿಯುತ್ತಿತ್ತು. ಮೊದಲೇ ಪರಿಹಾರ ಕಂಡಿದ್ದ ಸಮಸ್ಯೆಯನ್ನು ಮರೆಯಲು ತಾಂತ್ರಿಕ ಕಾರಣವೇನೂ ಇರಲಿಲ್ಲ. 2002ರಲ್ಲಿ ಬಂದ ಮೈಕ್ರೋಸಾಫ್ಟಿನ ತಂತ್ರಾಂಶ ವೇದಿಕೆ ಡಾಟ್‌ನೆಟ್ ಗುಂಪಿನ ಅಳತೆಗಳನ್ನು ಮತ್ತೆ ಪಟ್ಟಿಯಾಗಿ ಇಟ್ಟಿತು, ಸಂಖ್ಯೆ ಓದುವ ಫಂಕ್ಷನ್ನಿಗೆ ‘ಇದು ಯಾವ ಸಂಸ್ಕೃತಿಯ ಬರಹ’ ಎಂದು ಹೇಳುವ ದಾರಿಯನ್ನೂ ಮಾಡಿಕೊಟ್ಟಿತು. ಆದರೂ ಅದು ೧೨೫ ಎಂಬ ಕನ್ನಡ ಅಂಕಿಗಳನ್ನು ಪೂರ್ಣಾಂಕವಾಗಿ ಒಪ್ಪುವುದಿಲ್ಲ. ಪೈಥಾನ್ ಭಾಷೆ ಇದನ್ನು 125 ಎಂದು ಸರಾಗವಾಗಿ ಓದುತ್ತದೆ. ಒಂದು ಭಾಷೆಗೆ ಸಾಧ್ಯವಾದದ್ದು ಇನ್ನೊಂದಕ್ಕೆ ಅಸಾಧ್ಯವಲ್ಲ.

ಕಾಮಾಗಳನ್ನೆಲ್ಲ ಕಿತ್ತುಹಾಕಿ ಉಳಿದ ಅಂಕಿಗಳನ್ನು ಓದಿದರೆ ಮುಗಿಯಿತಲ್ಲ ಎನ್ನುವವರಿದ್ದಾರೆ. ಭಾರತದ ಮೊತ್ತಗಳಿಗೆ ಅದು ನಡೆದೀತು. ಆದರೆ ಜರ್ಮನಿಯವರು ಒಂದೂವರೆಯನ್ನು 1,5 ಎಂದು ಬರೆಯುತ್ತಾರೆ; ಕಾಮಾ ಕಿತ್ತರೆ ಅದು ಹದಿನೈದಾಗುತ್ತದೆ. ಅಮೆರಿಕದ ರೂಢಿಯನ್ನು ಆಯ್ದು ಕಾಮಾಗಳಿಗೆ ಅನುಮತಿ ಕೊಟ್ಟರೆ ಡಾಟ್‌ನೆಟ್ಟೂ ಇದನ್ನು ಹದಿನೈದೆಂದೇ ಓದುತ್ತದೆ, ಏಕೆಂದರೆ ಓದುವಾಗ ಅದು ಗುಂಪಿನ ಅಳತೆಯನ್ನು ಪರೀಕ್ಷಿಸುವುದಿಲ್ಲ. ಊಹೆಯಿಂದ ಬಂದ ಈ ಉದಾರತೆ ಎ-ಟು-ಐ ಮಾಡುವ ತಪ್ಪಿಗಿಂತ ಕಡಿಮೆ ಅಪಾಯದ್ದಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು: ಜಗತ್ತಿಗೆಲ್ಲ ಒಂದೇ ಬರಹ ಏಕಿರಬಾರದು? ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಮಹಾಸಮ್ಮೇಳನ 1948ರಲ್ಲಿ ಮೂರು ಮೂರು ಅಂಕಿಗಳ ನಡುವೆ ಚುಕ್ಕೆಯೂ ಬೇಡ, ಕಾಮಾವೂ ಬೇಡ, ಬರಿಯ ಜಾಗ ಸಾಕು ಎಂದಿತು. ಆದರೆ ದಶಮಾಂಶದ ಗುರುತಿನ ಪ್ರಶ್ನೆ ಬಂದಾಗ 2003ರಲ್ಲಿ ಅದೇ ಸಮ್ಮೇಳನ ಚುಕ್ಕೆ, ಕಾಮಾ ಎರಡನ್ನೂ ಒಪ್ಪಿತು. ವಿಜ್ಞಾನಿಗಳಿಗೇ ಒಂದನ್ನು ಆರಿಸಲಾಗದಿದ್ದಾಗ ಸಂತೆಯ ಲೆಕ್ಕ ಬರೆಯುವವರನ್ನು ಒಂದೇ ರೂಪಕ್ಕೆ ಕಟ್ಟಿಹಾಕುವುದು ನ್ಯಾಯವಲ್ಲ. ಯಂತ್ರದಿಂದ ಯಂತ್ರಕ್ಕೆ ಹೋಗುವ ಮಾಹಿತಿಗೆ ಒಂದೇ ನಿಶ್ಚಿತ ರೂಪ ಇರಲೇಬೇಕು, ಅದರಲ್ಲಿ ನನಗೆ ಭಿನ್ನಾಭಿಪ್ರಾಯವಿಲ್ಲ. ಮನುಷ್ಯ ಕೈಯಾರೆ ಬರೆದು ಕೊಟ್ಟದ್ದನ್ನು ಮಾತ್ರ ಅವನ ರೂಢಿಯಲ್ಲೇ ಓದಬೇಕು. ಎರಡು ಅರ್ಥ ಹೊಮ್ಮಿದರೆ ಊಹಿಸದೆ ಕೇಳಬೇಕು.

ಕನ್ನಡದಲ್ಲಿ ಅರ್ಜಿ, ಬಿಲ್ಲು, ಲೆಕ್ಕಪತ್ರಗಳ ತಂತ್ರಾಂಶ ಬರೆಯುವವರಲ್ಲಿ ಒಂದು ಕೋರಿಕೆ: 1,25,000 ಮತ್ತು ೧,೨೫,೦೦೦ ಎರಡನ್ನೂ ನಿಮ್ಮ ಮೊದಲ ಪರೀಕ್ಷೆಗಳಲ್ಲೇ ಸೇರಿಸಿ, ಎರಡಕ್ಕೂ ಒಂದೇ ಉತ್ತರ ಬರುವವರೆಗೆ ಕೆಲಸ ಮುಗಿಯಿತೆನ್ನಬೇಡಿ.