ಒಡಹುಟ್ಟದ ಅಕ್ಕತಂಗಿಯರು

ಒಡಹುಟ್ಟು ಎಂಬ ನಮ್ಮ ಮಾತಿನೊಳಗೇ ಹುಟ್ಟು ಅಡಗಿದೆ. ಒಂದೇ ಒಡಲಲ್ಲಿ ಹುಟ್ಟದವರು, ಒಂದೇ ಮನೆಯಲ್ಲಿ ಉಣ್ಣದವರು ಅಕ್ಕತಂಗಿಯರಾಗಬಲ್ಲರೆ? ಈ ಪ್ರಶ್ನೆ ಎದ್ದಾಗಲೆಲ್ಲ ನನಗೆ ಅಮೆರಿಕದ ಕಪ್ಪು ಜನಾಂಗದ ಕೆಲವು ವಿದ್ಯಾವಂತ ಮಹಿಳೆಯರ ನೆನಪಾಗುತ್ತದೆ.

ಆ ದೇಶದ ಕಾಲೇಜುಗಳಲ್ಲಿ ‘ಸೊರೊರಿಟಿ’ ಎಂಬ ವಿದ್ಯಾರ್ಥಿನಿಯರ ಸಂಘಗಳುಂಟು. ಈ ಹೆಸರಿಗೆ ಮೂಲವಾದ ಲ್ಯಾಟಿನ್ ಶಬ್ದಕ್ಕೆ ಸೋದರಿ ಎಂದೇ ಅರ್ಥ. 1908ರಲ್ಲಿ ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಆಲ್ಫಾ ಕಪ್ಪಾ ಆಲ್ಫಾ ಸಂಘ ಹುಟ್ಟಿತು. ಕಪ್ಪು ವಿದ್ಯಾರ್ಥಿನಿಯರು ಕಟ್ಟಿಕೊಂಡ ಇಂಥ ಸಂಘಗಳಲ್ಲಿ ಇದೇ ಮೊದಲನೆಯದು. ಪದವಿ ಪಡೆದವಳು ಸಂಘವನ್ನು ತೊರೆಯಬೇಕಾಗಿಲ್ಲ. ತಾನು ನೆಲೆಸಿದ ಊರಿನ ಪದವೀಧರೆಯರ ಶಾಖೆಯನ್ನು ಸೇರುತ್ತಾಳೆ. ಈ ನಂಟು ಬಾಳಿನುದ್ದಕ್ಕೂ ಉಳಿಯುವಂಥದು.

ಸಂಘದ ಅಧ್ಯಕ್ಷೆಯಾಗಿದ್ದ ಐಡಾ ಜಾಕ್ಸನ್ ಹುಟ್ಟಿದ್ದು ಮಿಸಿಸಿಪ್ಪಿಯಲ್ಲಿ. ಅಧ್ಯಾಪಕಿಯಾದದ್ದು ದೂರದ ಕ್ಯಾಲಿಫೋರ್ನಿಯದಲ್ಲಿ. ಆಕೆ 1934ರ ಬೇಸಗೆಯಲ್ಲಿ ಮಿಸಿಸಿಪ್ಪಿಯ ಹೋಮ್ಸ್ ಕೌಂಟಿಗೆ ಬಂದು, ಹಳ್ಳಿಯ ಉಪಾಧ್ಯಾಯರಿಗಾಗಿ ತರಗತಿಗಳನ್ನು ನಡೆಸಿದರು. ರೋಗದಿಂದ ಬಳಲುವ ಮಕ್ಕಳಿಗೆ ಪಾಠವೊಂದೇ ಸಾಲದೆಂಬುದು ಅಲ್ಲಿ ಮನವರಿಕೆಯಾಯಿತು. ಮರುವರ್ಷ ಡಾಕ್ಟರ್ ಡೊರೊತಿ ಫೆರೆಬಿಯವರ ಮುಂದಾಳುತನದಲ್ಲಿ ಸಂಘದ ವೈದ್ಯೆಯರು, ದಾದಿಯರು, ಉಪಾಧ್ಯಾಯಿನಿಯರು ಅಲ್ಲಿಗೆ ಹೊರಟರು.

ವರ್ಣಭೇದದ ಕಟ್ಟಳೆಯಿಂದ ರೈಲಿನಲ್ಲಿ ಹೋಗುವುದಾಗಲಿಲ್ಲ. ತಮ್ಮ ತಮ್ಮ ಕಾರುಗಳನ್ನೇ ನಡೆಸಿಕೊಂಡು ಹೋದರು. ಅಲ್ಲಿ ಚಿಕಿತ್ಸಾಲಯ ತೆರೆಯಹೊರಟರೆ, ಹತ್ತಿಯ ಹೊಲಗಳ ಒಡೆಯರು ಪಾಲಿಗೆ ಗೇಯುವ ಕಪ್ಪು ಒಕ್ಕಲುಗಳನ್ನು ಹೊಲ ಬಿಟ್ಟು ಕದಲಗೊಡಲಿಲ್ಲ. ಆಗ ಈ ಮಹಿಳೆಯರು ಔಷಧಗಳನ್ನು ಕಾರಿಗೇರಿಸಿ ಹೊಲಗಳಿಗೇ ಹೋದರು. ಒಡೆಯರ ಆಳುಗಳು ಕೋವಿ ಧರಿಸಿ, ಕುದುರೆಯೇರಿ ಬಂದು ಹತ್ತಿರವೇ ನಿಂತು ಮಾತಿಗೆ ಕಿವಿಗೊಡುತ್ತಿದ್ದುದನ್ನು ಫೆರೆಬಿ ಮುಂದೆ ನೆನೆದುಕೊಂಡಿದ್ದಾರೆ. ಅಂಥ ಕಾವಲಿನಲ್ಲಿಯೇ ಮಕ್ಕಳಿಗೆ ಸಿಡುಬು, ಗಂಟಲಮಾರಿಗಳ ಚುಚ್ಚುಮದ್ದು ನಡೆಯಿತು. ತಾಯಂದಿರಿಗೆ ಆಹಾರದ, ಶುಚಿತ್ವದ ತಿಳಿವಳಿಕೆ ದೊರೆಯಿತು.

ಬೇಸಗೆಯ ಕೆಲವೇ ವಾರಗಳ ಈ ಕೆಲಸ 1942ರವರೆಗೆ ಸಾಗಿತು. ಯುದ್ಧಕಾಲದಲ್ಲಿ ಪೆಟ್ರೋಲಿಗೂ ಟೈರುಗಳಿಗೂ ಪಡಿತರ ಬಂದು ಕಾರುಗಳು ನಿಂತವು.

ಇದರಿಂದ ಹೊಲದ ಒಡೆತನ ಬದಲಾಯಿತೆ? ಇಲ್ಲ. ಸಾಲದ ಸಂಕೋಲೆ ಕಳಚಿತೆ? ಅದೂ ಇಲ್ಲ. ಹಾಗಾದರೆ ಪಟ್ಟಣದ ವಿದ್ಯಾವಂತೆಯರು ಬಂದು ಮದ್ದು ಕೊಟ್ಟು ಹೋದದ್ದಷ್ಟೇ ಆಯಿತಲ್ಲ ಎಂದು ನಾನೂ ಒಮ್ಮೆ ಎಣಿಸಿದ್ದುಂಟು. ಆದರೆ ಸಾದಾ ಚುಚ್ಚುಮದ್ದಿಗೆ ಕೋವಿಯ ಕಾವಲೇಕೆ? ಓದಿದ ಕಪ್ಪು ಹೆಣ್ಣು ಗೇಯುವ ಕಪ್ಪು ಹೆಣ್ಣಿನ ಬಳಿ ಕುಳಿತು ಮಾತನಾಡುವುದರಲ್ಲಿ ಏನಿದೆಯೆಂಬುದನ್ನು ಒಡೆಯರು ನನಗಿಂತ ಚೆನ್ನಾಗಿ ಅರಿತಿದ್ದರು.

ವೈದ್ಯೆಯನ್ನು ರೈಲಿನಿಂದ ದೂರವಿಟ್ಟ ಕಟ್ಟಳೆಯೂ ಒಕ್ಕಲ ಹೆಂಗಸನ್ನು ಹೊಲದಲ್ಲಿ ಕಟ್ಟಿಹಾಕಿದ ಕಟ್ಟಳೆಯೂ ಒಂದೇ ಮರದ ಕೊಂಬೆಗಳು. ಅದನ್ನು ಅರಿತು ವರ್ಷವರ್ಷವೂ ಅದೇ ದಾರಿಯಲ್ಲಿ ಮರಳಿ ಬಂದವರನ್ನು ಅಕ್ಕತಂಗಿಯರೆಂದು ಕರೆಯಲು ನನಗೆ ಸಂಕೋಚವಿಲ್ಲ.