ಹಾಡುವುದೆಲ್ಲ ಗಂಡೇ?

ಪರದೇಶದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಮಿಂಚಂಚೆಯಲ್ಲಿ ಒಂದು ಪ್ರಶ್ನೆ ಕಳುಹಿಸಿದ್ದಾರೆ. ಮಗಳಿಗಾಗಿ ಒಂದು ಜೊತೆ ಫಿಂಚ್ ಹಕ್ಕಿಗಳನ್ನು ಕೊಂಡರಂತೆ. ಒಂದು ಗಂಡು, ಒಂದು ಹೆಣ್ಣು ಎಂದು ಅಂಗಡಿಯವನು ಹೇಳಿದನಾದರೂ ಎರಡೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿವೆಯಂತೆ. ಯಾವುದು ಯಾವುದೆಂದು ತಿಳಿಯುವುದು ಹೇಗೆ ಎಂಬುದು ಅವರ ಪ್ರಶ್ನೆ. ಚರಿತ್ರೆಯ ಮೇಷ್ಟ್ರನ್ನು ಏನೇ ಕೇಳಿದರೂ ಉತ್ತರ ಮುನ್ನೂರು ವರ್ಷಗಳ ಹಿಂದಿನಿಂದ ಆರಂಭವಾಗುತ್ತದೆ ಎಂಬುದು ನಿಮಗೆಲ್ಲ ಗೊತ್ತೇ ಇದೆ. ಆದರೂ ಈ ಸಲ ಮೊದಲು ಉತ್ತರ, ಆಮೇಲೆ ಚರಿತ್ರೆ.

ಜೀಬ್ರಾ ಫಿಂಚ್ ಆಗಿದ್ದರೆ ಚಿಂತೆಯಿಲ್ಲ. ಆಸ್ಟ್ರೇಲಿಯಾ ಮೂಲದ ಈ ಹಕ್ಕಿಯಲ್ಲಿ ಗಂಡಿಗೆ ಕೆನ್ನೆಯ ಮೇಲೆ ಕಿತ್ತಳೆ ಬಣ್ಣದ ಮಚ್ಚೆ, ಕತ್ತಿನ ಕೆಳಗೆ ಕಪ್ಪು ಬಿಳುಪಿನ ಸಣ್ಣ ಪಟ್ಟೆಗಳು, ಪಕ್ಕೆಯಲ್ಲಿ ಕಂದು ಹಿನ್ನೆಲೆಯ ಮೇಲೆ ಬಿಳಿ ಚುಕ್ಕೆಗಳಿರುತ್ತವೆ. ಹೆಣ್ಣಿಗೆ ಇವಾವುವೂ ಇಲ್ಲ. ಪೂರ್ತಿ ಬಿಳಿಯ ತಳಿಯಾದರೆ ಕೊಕ್ಕು ನೋಡಬೇಕು. ಗಂಡಿನದು ಕಡುಗೆಂಪು, ಹೆಣ್ಣಿನದು ತುಸು ತಿಳಿಯಾದ ಕಿತ್ತಳೆ. ಕೊಕ್ಕು ಇನ್ನೂ ಕಪ್ಪಾಗಿರುವ ಮರಿಗಳಲ್ಲಿ ಮಾತ್ರ ಯಾರ ಜಾಣತನವೂ ನಡೆಯದು.

ನಮ್ಮ ವಿದ್ಯಾರ್ಥಿಯ ಮನೆಗೆ ಬಂದಿರುವುದು ಸೊಸೈಟಿ ಫಿಂಚ್. ಇದಕ್ಕೆ ಬೆಂಗಾಲೀಸ್ ಎಂಬ ಹೆಸರೂ ಇದೆ. ಬಂಗಾಳಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಇದರ ಮೂಲ ನಮ್ಮ ಪಶ್ಚಿಮಘಟ್ಟದ ಕಾಡಂಚುಗಳಲ್ಲಿಯೂ ಕಾಣುವ ಬಿಳಿಬೆನ್ನಿನ ರಾಟವಾಳ ಎಂಬ ಪುಟ್ಟ ಹಕ್ಕಿ. ಅದೇ ಜಾತಿಯ ಚೀನಾದ ಹಕ್ಕಿಗಳನ್ನು ಹದಿನೆಂಟನೆಯ ಶತಮಾನದಲ್ಲಿ ಜಪಾನಿಗೆ ತರಿಸಿಕೊಂಡು, ಅಲ್ಲಿನವರು ತಲೆಮಾರುಗಳ ಕಾಲ ಪಂಜರದಲ್ಲಿ ಸಾಕಿ ಈ ತಳಿಯನ್ನು ರೂಪಿಸಿದರು. ಇದರಲ್ಲಿ ಗಂಡು ಹೆಣ್ಣುಗಳ ಬಣ್ಣ, ಗಾತ್ರ, ಕೊಕ್ಕು ಎಲ್ಲವೂ ಒಂದೇ. ಸಾಕುವವರು ಮಾಡುವ ಉಪಾಯ ಸರಳವಾದದ್ದು: ಹಕ್ಕಿಗಳನ್ನು ಒಂದೆರಡು ದಿನ ಬೇರೆ ಬೇರೆ ಪಂಜರದಲ್ಲಿಟ್ಟು, ಮತ್ತೆ ಒಟ್ಟಿಗೆ ಬಿಟ್ಟು, ಕಿವಿಗೊಟ್ಟು ಕಾಯುವುದು. ಮೈಗರಿ ಉಬ್ಬಿಸಿ, ಕುಪ್ಪಳಿಸುತ್ತ ಹಾಡಿದ್ದು ಗಂಡು. ಅದರ ಕಾಲಿಗೆ ಬಣ್ಣದ ಬಳೆ ತೊಡಿಸಿದರಾಯಿತು. ಹಾಡದೆ ಕುಳಿತದ್ದು ಹೆಣ್ಣೆಂದು ಮಾತ್ರ ಆತುರಪಟ್ಟು ತೀರ್ಮಾನಿಸಬಾರದು. ಅದು ಎಳೆಯದಿರಬಹುದು, ಕಾಯಿಲೆಯದಿರಬಹುದು, ಹೊಸ ಮನೆಗೆ ಬೆದರಿದ್ದೂ ಇರಬಹುದು. ಅಷ್ಟು ತಾಳ್ಮೆ ಇಲ್ಲದವರಿಗೆ ಪ್ರಯೋಗಾಲಯವಿದೆ. ಪಕ್ಷಿಗಳಲ್ಲಿ ಗಂಡಿನ ವರ್ಣತಂತುಗಳು ಎರಡು ಝಡ್, ಹೆಣ್ಣಿನವು ಒಂದು ಝಡ್ ಮತ್ತು ಒಂದು ಡಬ್ಲ್ಯೂ, ಮನುಷ್ಯರಿಗೆ ತಿರುಗುಮುರುಗು. 1990ರ ದಶಕದ ಕೊನೆಯಿಂದ, ಕಿತ್ತ ಒಂದು ಗರಿಯ ಬುಡದಿಂದಲೇ ಡಿಎನ್‌ಎ ತೆಗೆದು ಇದನ್ನು ನಿಶ್ಚಯಿಸುವುದು ಸಾಧ್ಯವಾಗಿದೆ.

ಇಲ್ಲಿಗೆ ಉತ್ತರ ಮುಗಿಯಿತು. ಆದರೆ 'ಹಾಡಿದ್ದು ಗಂಡು' ಎಂಬ ಆ ಸೂತ್ರಕ್ಕೆ ಒಂದು ದೊಡ್ಡ ಚರಿತ್ರೆಯೇ ಇದೆ. ಅದು ಆರಂಭವಾಗುವುದು ಫಿಂಚ್‌ಗಳಲ್ಲೆಲ್ಲ ಹೆಚ್ಚು ಪ್ರಸಿದ್ಧವಾದ ಕ್ಯಾನರಿಯಿಂದ.

ಆಫ್ರಿಕಾದ ವಾಯವ್ಯ ತೀರದಾಚೆಯ ಕ್ಯಾನರಿ ದ್ವೀಪಗಳನ್ನು ಸ್ಪೇನಿನವರು ಹದಿನೈದನೆಯ ಶತಮಾನದಲ್ಲಿ ಗೆದ್ದುಕೊಂಡರು. (ದ್ವೀಪಗಳ ಹೆಸರು ಹಕ್ಕಿಯಿಂದ ಬಂದದ್ದಲ್ಲ, ಲ್ಯಾಟಿನ್ ಭಾಷೆಯಲ್ಲಿ ನಾಯಿಗಿರುವ ಶಬ್ದದಿಂದ ಬಂದದ್ದು ಎನ್ನುತ್ತಾರೆ. ಹಕ್ಕಿಗೆ ಹೆಸರು ಕೊಟ್ಟದ್ದು ದ್ವೀಪ.) ಅಲ್ಲಿಂದ ಯೂರೋಪಿಗೆ ಬಂದ ಈ ಗಾಯಕ ಪಕ್ಷಿ ಶ್ರೀಮಂತರ ಮನೆಗಳ ಆಭರಣವಾಯಿತು. ಮಾರುವವರು ಗಂಡುಗಳನ್ನಷ್ಟೇ ಮಾರಿ, ಪರರು ಮರಿ ಮಾಡಿಸದಂತೆ ಹೆಣ್ಣುಗಳನ್ನು ತಮ್ಮಲ್ಲೇ ಉಳಿಸಿಕೊಂಡರು ಎಂಬ ಕಥೆಯೊಂದಿದೆ. ಇಟಲಿಯ ಒಲಿನಾ 1622ರಲ್ಲಿ ಪ್ರಕಟಿಸಿದ ಪಕ್ಷಿಗ್ರಂಥದಲ್ಲಿ ಅದರ ಮುಂದಿನ ಕಥೆ ಬರುತ್ತದೆ: ಎಲ್ಬಾ ದ್ವೀಪದ ಬಳಿ ಒಂದು ಹಡಗು ಒಡೆದು, ಅದರಲ್ಲಿದ್ದ ಕ್ಯಾನರಿಗಳು ಪಾರಾಗಿ ಅಲ್ಲೇ ಸಂಸಾರ ಹೂಡಿದವಂತೆ. ಬರಿಯ ಗಂಡುಗಳು ಸಂಸಾರ ಹೂಡಿದ್ದು ಹೇಗೆಂದು ಕೇಳಿದರೆ, ಅಲ್ಲಿನ ಬೇರೆ ಜಾತಿಯ ಹೆಣ್ಣುಗಳೊಡನೆ ಎನ್ನುತ್ತದೆ ಕಥೆ. ನನಗೆ ಇದರಲ್ಲಿ ನಂಬಿಕೆಯಿಲ್ಲ. ಎಳೆಯ ಹಕ್ಕಿಗಳಲ್ಲಿ ಗಂಡು ಹೆಣ್ಣು ಗುರುತಿಸುವುದು ಇಂದಿಗೂ ಕಷ್ಟವಾಗಿರುವಾಗ, ಒಂದು ಹೆಣ್ಣೂ ನುಸುಳದಂತೆ ನೂರು ವರ್ಷ ವ್ಯಾಪಾರ ನಡೆಯಿತೆಂಬುದು ಆಗದ ಮಾತು. ಆದರೆ ಕಥೆ ಒಂದು ಸತ್ಯವನ್ನು ಹೇಳುತ್ತದೆ: ಕೊಳ್ಳುವವನು ಬೆಲೆ ತೆತ್ತದ್ದು ಹಾಡಿಗೆ, ಎಂದರೆ ಗಂಡಿಗೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಹಾರ್ಟ್ಸ್ ಬೆಟ್ಟಗಳ ಗಣಿ ಕೆಲಸಗಾರರ ಕುಟುಂಬಗಳು ಕ್ಯಾನರಿ ಸಾಕಿ ಅಮೆರಿಕದವರೆಗೂ ಕಳುಹಿಸುತ್ತಿದ್ದಾಗಲೂ ಇದೇ ಲೆಕ್ಕ. ಹೆಣ್ಣು ಮರಿ ಹಾಕುವುದಕ್ಕೆ ಬೇಕಾದಷ್ಟು, ಅದಕ್ಕಿಂತ ಹೆಚ್ಚಾದರೆ ಕಾಳಿಗೆ ದಂಡ.

ಪಂಜರದ ಈ ತಿಳಿವಳಿಕೆ ನಿಧಾನವಾಗಿ ವಿಜ್ಞಾನದೊಳಕ್ಕೆ ಬಂತು. 1773ರಲ್ಲಿ ಇಂಗ್ಲೆಂಡಿನ ಡೇನ್ಸ್ ಬ್ಯಾರಿಂಗ್ಟನ್ ಎಂಬ ನ್ಯಾಯವಾದಿ ಹಕ್ಕಿಗಳ ಹಾಡನ್ನು ಕುರಿತು ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಅವರ ಕೋರಿಕೆಯಂತೆ ಪ್ರಸಿದ್ಧ ಶಸ್ತ್ರವೈದ್ಯ ಜಾನ್ ಹಂಟರ್ ಹಲವು ಹಕ್ಕಿಗಳನ್ನು ಕೊಯ್ದು ನೋಡಿ, ಗಂಟಲಿನ ಸ್ನಾಯುಗಳು ಗಂಡಿನಲ್ಲಿ ಹೆಚ್ಚು ಬಲವಾಗಿರುವುದನ್ನು ಕಂಡಿದ್ದರು. ಗೂಡಿನಲ್ಲಿ ಕಾವು ಕೂರುವ ಹೆಣ್ಣು ಹಾಡಿದರೆ ಶತ್ರುಗಳಿಗೆ ಸುಳಿವು ಸಿಕ್ಕೀತು, ಆದ್ದರಿಂದ ಅದು ಮೌನಿ ಎಂದು ಬ್ಯಾರಿಂಗ್ಟನ್ ವಿವರಿಸಿದರು. 1871ರಲ್ಲಿ ಡಾರ್ವಿನ್ ಮತ್ತೊಂದು ಮೆಟ್ಟಿಲೇರಿದರು: ಗಂಡು ಹಾಡುತ್ತದೆ, ಹೆಣ್ಣು ಕೇಳಿ ಆರಿಸಿಕೊಳ್ಳುತ್ತದೆ. ಹೆಣ್ಣು ಕ್ಯಾನರಿ ಅತ್ಯುತ್ತಮ ಗಾಯಕನನ್ನೇ ವರಿಸುತ್ತದೆಂಬ ಜರ್ಮನಿಯ ಬೆಕ್‌ಸ್ಟೈನ್ ಅವರ ಮಾತನ್ನು ಅವರು ಆಧಾರವಾಗಿ ಬಳಸಿಕೊಂಡಿದ್ದಾರೆ. ಹೀಗೆ ಅಂಗಡಿಯ ಅನುಕೂಲದ ಸೂತ್ರವೊಂದು ಪ್ರಕೃತಿಯ ನಿಯಮದ ಸ್ಥಾನಕ್ಕೆ ಏರಿತು.

ಆ ನಿಯಮಕ್ಕೆ 1976ರಲ್ಲಿ ಭದ್ರವಾದ ಸಾಕ್ಷ್ಯವೇ ದೊರೆಯಿತು. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಫರ್ನಾಂಡೊ ನಾಟೆಬಾಮ್ ಮತ್ತು ಆರ್ಥರ್ ಅರ್ನಾಲ್ಡ್, ಕ್ಯಾನರಿ ಹಾಗೂ ಜೀಬ್ರಾ ಫಿಂಚ್‌ಗಳ ಮಿದುಳಿನಲ್ಲಿ ಹಾಡನ್ನು ನಡೆಸುವ ಭಾಗಗಳು ಹೆಣ್ಣಿಗಿಂತ ಗಂಡಿನಲ್ಲಿ ಬಹಳ ದೊಡ್ಡವೆಂದು ತೋರಿಸಿದರು. ಗಂಡು ಹೆಣ್ಣುಗಳ ಮಿದುಳಿನ ರಚನೆಯಲ್ಲಿ ಇಷ್ಟು ಎದ್ದು ಕಾಣುವ ಭೇದ ಬೆನ್ನೆಲುಬುಳ್ಳ ಪ್ರಾಣಿಗಳಲ್ಲಿ ಅದುವರೆಗೆ ಕಂಡಿರಲಿಲ್ಲ. ವಾದ ಮುಗಿದಂತೆಯೇ ತೋರಿತು.

ಆದರೆ ಮುಂದಿನ ಅಧ್ಯಾಯ ತೆರೆದದ್ದು ಯಾರೂ ಬೆಲೆ ಕೊಡದ ಆ ಹೆಣ್ಣು ಕ್ಯಾನರಿಯಿಂದ. ಗಂಡಿನ ಹಾರ್ಮೋನಾದ ಟೆಸ್ಟೊಸ್ಟೆರೋನ್ ಕೊಟ್ಟರೆ ಹೆಣ್ಣು ಕ್ಯಾನರಿಯೂ ಹಾಡುತ್ತದೆಂಬುದು 1939ರ ಹೊತ್ತಿಗೇ ತಿಳಿದಿತ್ತು. ಹಾಗೆ ಹಾಡತೊಡಗಿದ ಹೆಣ್ಣಿನ ಮಿದುಳಿನಲ್ಲಿ ಹಾಡಿನ ಭಾಗ ಬೆಳೆದು ದೊಡ್ಡದಾಗುತ್ತದೆಂದು 1980ರಲ್ಲಿ ನಾಟೆಬಾಮ್ ಕಂಡರು. ಬೆಳೆಯುವುದು ಹೇಗೆ? ವಯಸ್ಕ ಪ್ರಾಣಿಯ ಮಿದುಳಿನಲ್ಲಿ ಹೊಸ ನರಕೋಶ ಹುಟ್ಟುವುದಿಲ್ಲವೆಂಬುದು ಆಗ ಹೆಚ್ಚಿನವರು ಪ್ರಶ್ನಿಸದೆ ಒಪ್ಪಿದ್ದ ಸಿದ್ಧಾಂತ. ಇಲಿಗಳಲ್ಲಿ ಹುಟ್ಟುತ್ತವೆಂದು 1960ರ ದಶಕದಲ್ಲಿ ಜೋಸೆಫ್ ಆಲ್ಟ್‌ಮನ್ ಹೇಳಿದ್ದನ್ನು ಹೆಚ್ಚಿನವರು ಕಿವಿಗೆ ಹಾಕಿಕೊಂಡಿರಲಿಲ್ಲ. 1983ರಲ್ಲಿ ಸ್ಟೀವನ್ ಗೋಲ್ಡ್‌ಮನ್ ಮತ್ತು ನಾಟೆಬಾಮ್, ವಿಕಿರಣದ ಗುರುತು ಹಚ್ಚಿ ಪರೀಕ್ಷಿಸಿ, ವಯಸ್ಕ ಹೆಣ್ಣು ಕ್ಯಾನರಿಯ ಮಿದುಳಿನಲ್ಲಿ ಹೊಸ ನರಕೋಶಗಳು ಹುಟ್ಟುತ್ತಿರುವುದನ್ನು ತೋರಿಸಿದರು. ಸ್ವಾರಸ್ಯವೆಂದರೆ, ಹಾರ್ಮೋನು ಕೊಟ್ಟ ಹೆಣ್ಣುಗಳಲ್ಲಿ ಮಾತ್ರವಲ್ಲ, ಕೊಡದೆ ತೆಪ್ಪಗಿದ್ದ ಹೆಣ್ಣುಗಳಲ್ಲಿಯೂ ಅವು ಹುಟ್ಟುತ್ತಿದ್ದವು. ಮನುಷ್ಯರಲ್ಲಿಯೂ ಹೀಗಾಗುತ್ತದೆಂದು 1998ರಲ್ಲಿ ವರದಿಯಾಯಿತು. ಅದರ ವಿವಾದ ಇನ್ನೂ ತೀರಿಲ್ಲ.

ಇನ್ನು ಆ ಮೌನದ ಮಾತು. 2014ರಲ್ಲಿ ಕರನ್ ಓಡಮ್ ಮತ್ತು ಸಂಗಡಿಗರು ಲೋಕದ ಹಾಡುಹಕ್ಕಿಗಳ ದಾಖಲೆಗಳನ್ನೆಲ್ಲ ಜಾಲಾಡಿ, ಮಾಹಿತಿ ದೊರೆತ 323 ಜಾತಿಗಳ ಪೈಕಿ ಶೇಕಡ 71ರಲ್ಲಿ ಹೆಣ್ಣೂ ಹಾಡುತ್ತದೆಂದು ಪ್ರಕಟಿಸಿದರು. ಅಷ್ಟೇ ಅಲ್ಲ, ಹಾಡುಹಕ್ಕಿಗಳ ಮೂಲ ಪೂರ್ವಜರಲ್ಲಿ ಗಂಡು ಹೆಣ್ಣು ಎರಡೂ ಹಾಡುತ್ತಿದ್ದಿರಬೇಕು. ಕೆಲವು ವಂಶಗಳಲ್ಲಿ ಹೆಣ್ಣು ಹಾಡುವುದನ್ನು ಆಮೇಲೆ ಬಿಟ್ಟಿತು. ಹಾಗಾದರೆ ಬ್ಯಾರಿಂಗ್ಟನ್ನರಿಗೂ ಡಾರ್ವಿನ್ನರಿಗೂ ಕೇಳಿಸಲಿಲ್ಲವೇಕೆ? ಅವರು ಕಿವಿಗೊಟ್ಟದ್ದು ಚಳಿದೇಶದ ಪೊದೆಗಳಿಗೆ ಮತ್ತು ಪಂಜರಗಳಿಗೆ. ಹಾಡುವ ಹೆಣ್ಣುಗಳು ಹೆಚ್ಚಾಗಿರುವುದು ಉಷ್ಣವಲಯದಲ್ಲಿ, ಆಸ್ಟ್ರೇಲಿಯಾದಲ್ಲಿ. ಪುಸ್ತಕ ಬರೆದವರು ಒಂದು ಕಡೆ, ಹಾಡುವವರು ಇನ್ನೊಂದು ಕಡೆ. ಚರಿತ್ರೆಯಲ್ಲಿ ಇದು ಹಕ್ಕಿಗಳಿಗೆ ಮಾತ್ರ ಆದದ್ದಲ್ಲ.

ಪಂಜರದ ಫಿಂಚ್‌ಗಳಲ್ಲಿಯೂ ಈ ಸೂತ್ರ ಕೈಕೊಡುವ ಜಾತಿಗಳಿವೆ. ಪೂರ್ವ ಆಫ್ರಿಕಾದ ನೀಲಿತಲೆಯ ಕಾರ್ಡನ್ ಬ್ಲೂ ಅಂಥದೊಂದು. ಅದರಲ್ಲಿ ಗಂಡೂ ಹಾಡುತ್ತದೆ, ಹೆಣ್ಣೂ ಹಾಡುತ್ತದೆ. ಕೊಕ್ಕಿನಲ್ಲಿ ಒಂದು ಹುಲ್ಲಿನೆಳೆ ಹಿಡಿದು, ಕುಳಿತ ಕಡ್ಡಿಯ ಮೇಲೆ ಎರಡೂ ಕುಣಿಯುತ್ತವೆ. ಆ ಕುಣಿತದಲ್ಲಿ ಬರಿಗಣ್ಣಿಗೆ ಕಾಣದಷ್ಟು ವೇಗವಾಗಿ ಕಾಲುಗಳು ತಾಳ ಹಾಕುತ್ತವೆ ಎಂಬುದು 2015ರಲ್ಲಿ ಅತಿವೇಗದ ಕ್ಯಾಮೆರಾದಿಂದ ಬೆಳಕಿಗೆ ಬಂತು. ತಾಳ ಹಾಕುವುದರಲ್ಲಿಯೂ ಗಂಡು ಹೆಣ್ಣೆಂಬ ಭೇದವಿರಲಿಲ್ಲ. ಇವುಗಳನ್ನು ಸಾಕುವವರು ಹಾಡನ್ನು ಬಿಟ್ಟು ತಲೆಯನ್ನು ನೋಡುತ್ತಾರೆ. ತಲೆ ಪೂರ್ತಿ ನೀಲಿಯಾಗಿದ್ದರೆ ಗಂಡು, ನೆತ್ತಿಯ ನೀಲಿ ಕಂದಿಗೆ ತಿರುಗಿದ್ದರೆ ಹೆಣ್ಣು.